ಮನೆಯಲ್ಲೇ ಮುಂಬೈ ಮಸಾಲ ಟೋಸ್ಟ್ ಸ್ಯಾಂಡ್‌ವಿಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಸಾಲ ಟೋಸ್ಟ್ ಅಂದ್ರೆ ಯಾವ ಸ್ಯಾಂಡ್‌ವಿಚ್?

ಮುಂಬೈಯಲ್ಲಿ ಫೋರ್ಟ್, ಚರ್ಚ್‌ಗೇಟ್ ಕಡೆ, ಕಾಲೇಜುಗಳ ಹೊರಗೆ ಗಾಡಿಗಳಲ್ಲಿ ಮಾರುವ ಸ್ಯಾಂಡ್‌ವಿಚ್ ಇದು. ಎರಡು ಬಿಳಿ ಬ್ರೆಡ್ ಸ್ಲೈಸ್. ಒಳಗೆ ಬೆಣ್ಣೆ, ಹಸಿರು ಚಟ್ನಿ, ಒಗ್ಗರಣೆ ಹಾಕಿದ ಆಲೂಗಡ್ಡೆ. ಅದರ ಮೇಲೆ ಈರುಳ್ಳಿ, ಟೊಮೆಟೊ, ಸೌತೆಕಾಯಿ, ಬೇಯಿಸಿದ ಬೀಟ್‌ರೂಟ್, ಕ್ಯಾಪ್ಸಿಕಂ. ಎಲ್ಲ ಸೇರಿಸಿ ಉದ್ದ ಹಿಡಿಯ ಅಲ್ಯೂಮಿನಿಯಂ ಟೋಸ್ಟರ್‌ಗೆ ಹಾಕಿ ಒತ್ತಿ, ಇದ್ದಿಲ ಒಲೆಯ ಮೇಲೋ ಗ್ಯಾಸ್ ಮೇಲೋ ಎರಡೂ ಕಡೆ ಕೆಂಪಗಾಗುವವರೆಗೆ ಸುಡುತ್ತಾರೆ.

ಗಾಡಿಯವರು ಮಾಡುವುದನ್ನು ಹತ್ತಿರ ನಿಂತು ನೋಡಬೇಕು. ಸೌತೆಕಾಯಿಯನ್ನು ಕೈಯಲ್ಲೇ ಹಿಡಿದು ಸೀದಾ ಬ್ರೆಡ್ ಮೇಲೆ ಬೀಳುವ ಹಾಗೆ ಹೆಚ್ಚುತ್ತಾರೆ. ಒಂದೊಂದು ಬಿಲ್ಲೆಯೂ ಕಾಗದದಷ್ಟು ತೆಳು. ಟೋಸ್ಟರ್ ಮುಚ್ಚಿದ ಮೇಲೆ ಹೊರಗೆ ಇಣುಕುವ ಬ್ರೆಡ್ಡಿನ ಅಂಚನ್ನು ಚಾಕುವಿನಲ್ಲಿ ಸವರಿ ತೆಗೆಯುತ್ತಾರೆ. ಸುಟ್ಟು ಹೊರಗೆ ತೆಗೆದ ಮೇಲೆ ಮತ್ತೆ ಒಂದಿಷ್ಟು ಬೆಣ್ಣೆ, ಆರು ತುಂಡು, ಮೇಲೆ ಸೇವ್, ಪಕ್ಕಕ್ಕೆ ಚಟ್ನಿ ಮತ್ತು ಟೊಮೆಟೊ ಸಾಸ್. ಒಂದು ತಿಂದರೆ ಮಧ್ಯಾಹ್ನದ ಊಟ ಆದ ಹಾಗೆಯೇ.

ಮನೆಯಲ್ಲಿ ಮಾಡಿದಾಗ ಯಾಕೆ ಮೆತ್ತಗಾಗುತ್ತದೆ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಉತ್ತರ ಒಂದೇ ಮಾತಿನದು: ನೀರು.

ಬ್ರೆಡ್ ಕೆಂಪಗಾಗಿ ಗರಿಗರಿ ಆಗಬೇಕಾದರೆ ಅದರ ಮೇಲ್ಮೈಯ ಶಾಖ ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಆದರೆ ಬ್ರೆಡ್ಡಿನಲ್ಲಿ ನೀರು ಇರುವಷ್ಟು ಹೊತ್ತು ಅದು 100 ಡಿಗ್ರಿಯ ಹತ್ತಿರವೇ ನಿಂತಿರುತ್ತದೆ. ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಒಳಗಿನಿಂದ ಟೊಮೆಟೊ ರಸ, ತೆಳ್ಳಗಿನ ಚಟ್ನಿ, ಬಿಸಿ ಪಲ್ಯದ ಹಬೆ ಬರುತ್ತಲೇ ಇದ್ದರೆ ಬ್ರೆಡ್ ಒಣಗುವುದು ಯಾವಾಗ? ಆಗ ನಾವು ಉರಿ ಜಾಸ್ತಿ ಮಾಡುತ್ತೇವೆ. ಹೊರಗೆ ಅಲ್ಲಲ್ಲಿ ಕರಕಲು, ಒಳಗೆ ಮುದ್ದೆ.

ತುಂಬ ಜನ ಇನ್ನಷ್ಟು ಬಲವಾಗಿ ಒತ್ತಿದರೆ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ಒತ್ತಿದಷ್ಟೂ ತರಕಾರಿಯ ರಸ ಹೊರಗೆ ಬಂದು ಬ್ರೆಡ್ಡಿಗೆ ಸೇರುತ್ತದೆ. ಒತ್ತುವುದು ಬ್ರೆಡ್ ಮತ್ತು ಬಿಸಿ ಲೋಹ ಎಲ್ಲ ಕಡೆ ಸಮನಾಗಿ ತಾಗಲಿ, ಒಳಗಿನ ಪದರಗಳು ಒಂದಕ್ಕೊಂದು ಹಿಡಿದುಕೊಳ್ಳಲಿ ಅಂತ. ಅದಕ್ಕೆ ಹಗುರ ಒತ್ತಡ ಸಾಕು. ಮುಂದಿನ ಉತ್ತರಗಳಲ್ಲಿ ಬ್ರೆಡ್, ಪಲ್ಯ, ಚಟ್ನಿ ಏನೇ ಬರಲಿ, ಕೊನೆಗೆ ಮಾತು ನೀರಿನ ಹತ್ತಿರವೇ ಬಂದು ನಿಲ್ಲುತ್ತದೆ.

ಯಾವ ಬ್ರೆಡ್ ತರಬೇಕು?

ಬಿಳಿ ಬ್ರೆಡ್, ದೊಡ್ಡ ಚೌಕದ್ದು. ಸಿಹಿ ಇರುವ ಹಾಲಿನ ಬ್ರೆಡ್ ಬೇಡ. ಅದರಲ್ಲಿ ಸಕ್ಕರೆ ಜಾಸ್ತಿ, ಒಳಗಿನ ನೀರು ಆರುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಗೋಧಿ ಬ್ರೆಡ್ಡಿನಲ್ಲೂ ಮಾಡಬಹುದು, ರುಚಿ ಚೆನ್ನಾಗಿಯೇ ಇರುತ್ತದೆ, ಆದರೆ ಆ ಗರಿಗರಿ ಬರುವುದು ಸ್ವಲ್ಪ ಕಷ್ಟ.

ಇವತ್ತು ಬೆಳಗ್ಗೆ ಬಂದ ಬ್ರೆಡ್ಡಿಗಿಂತ ನಿನ್ನೆಯದು ಒಳ್ಳೆಯದು. ತಾಜಾ ಬ್ರೆಡ್ ತುಂಬ ಮೆತ್ತಗಿರುತ್ತದೆ, ಬೆಣ್ಣೆ ಸವರುವಾಗಲೇ ಹರಿಯುತ್ತದೆ, ಒತ್ತಿದರೆ ಅಪ್ಪಚ್ಚಿ. ಹತ್ತಿರದ ಬೇಕರಿಯಲ್ಲಿ ಇಡೀ ಬ್ರೆಡ್ ತಗೊಂಡರೆ ಸ್ವಲ್ಪ ದಪ್ಪಗೆ ಸ್ಲೈಸ್ ಮಾಡಿಕೊಡಿ ಅಂತ ಹೇಳಿ. ತುಂಬ ತೆಳುವಾದ ಸ್ಲೈಸ್ ಇಷ್ಟೆಲ್ಲ ಹೂರಣ ಹೊರಲಾರದು.

ಬ್ರೆಡ್ಡನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಹೊರಗಿಗಿಂತ ಫ್ರಿಜ್ಜಿನ ತಂಪಿನಲ್ಲಿ ಬ್ರೆಡ್ ಬೇಗ ಗಡುಸಾಗುತ್ತದೆ, ಯಾಕೆಂದರೆ ಅದರ ಪಿಷ್ಟ ಆ ಚಳಿಯಲ್ಲೇ ಬೇಗ ಗಟ್ಟಿಯಾಗುವುದು. ಬಹಳ ದಿನ ಇಡಬೇಕಾದರೆ ಫ್ರೀಜರ್‌ನಲ್ಲಿ ಇಡಿ.

ಮಸಾಲೆ ದೋಸೆಗೆ ಮಾಡುವ ಪಲ್ಯವನ್ನೇ ತುಂಬಬಹುದಾ?

ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಅರಿಶಿನ ಎಲ್ಲ ಅದೇ. ಆದರೆ ದೋಸೆಯ ಪಲ್ಯಕ್ಕೆ ಈರುಳ್ಳಿ ಬೇಯಲು ನೀರು ಹಾಕಿ ತುಸು ಸಡಿಲವಾಗಿ ಇಳಿಸುತ್ತೇವೆ. ದೋಸೆಗೆ ಅದು ಸರಿ. ಬ್ರೆಡ್ಡಿಗೆ ಆಗುವುದಿಲ್ಲ. ಇಲ್ಲಿ ಪಲ್ಯ ಒಣಗಿರಬೇಕು.

ನಾಲ್ಕು ಸ್ಯಾಂಡ್‌ವಿಚ್‌ಗೆ ಸುಮಾರು 400 ಗ್ರಾಂ ಆಲೂಗಡ್ಡೆ ಬೇಕು. ಮಧ್ಯಮ ಗಾತ್ರದವು ನಾಲ್ಕು. ಸಿಪ್ಪೆ ಸಮೇತ, ಹೆಚ್ಚದೆ, ಕುಕ್ಕರ್ ಒಳಗಿನ ಪಾತ್ರೆಯಲ್ಲಿ ನೀರು ಹಾಕದೆ ಬೇಯಿಸಿ. ಕುಕ್ಕರ್ ತಳದಲ್ಲಿ ಮಾತ್ರ ನೀರಿರಲಿ. ಹೆಚ್ಚಿ ನೀರಿನಲ್ಲಿ ಮುಳುಗಿಸಿ ಬೇಯಿಸಿದರೆ ಆಲೂಗಡ್ಡೆ ನೀರು ಕುಡಿದು ಕೂರುತ್ತದೆ. ಬೆಂದ ತಕ್ಷಣ ಬಿಸಿ ಇರುವಾಗಲೇ ಸಿಪ್ಪೆ ತೆಗೆದು, ನಾಲ್ಕು ಭಾಗ ಮಾಡಿ ತಟ್ಟೆಯಲ್ಲಿ ಹರಡಿ. ಹತ್ತು ನಿಮಿಷ ಹಬೆ ಆಡಿ ಹೋಗಲಿ. ಆಮೇಲೆ ಕೈಯಲ್ಲೇ ಪುಡಿ ಮಾಡಿ. ಮಿಕ್ಸಿಗೆ ಮಾತ್ರ ಹಾಕಬೇಡಿ, ಅಂಟಂಟಾಗಿ ಹಿಟ್ಟಿನ ಗೋಂದಿನ ಥರ ಆಗುತ್ತದೆ.

ಬಾಣಲೆಯಲ್ಲಿ ಎರಡು ಚಮಚ ಎಣ್ಣೆ, ಅರ್ಧ ಚಮಚ ಸಾಸಿವೆ. ಸಿಡಿದ ಮೇಲೆ ಚಿಟಿಕೆ ಇಂಗು, ಸಣ್ಣಗೆ ಹೆಚ್ಚಿದ ಕರಿಬೇವು, ಜಜ್ಜಿದ ಮೂರು ಹಸಿಮೆಣಸಿನಕಾಯಿ, ಒಂದು ಇಂಚು ಶುಂಠಿ, ಕಾಲು ಚಮಚ ಅರಿಶಿನ. ಕರಿಬೇವನ್ನು ಇಡಿಯಾಗಿ ಹಾಕಬೇಡಿ. ಸ್ಯಾಂಡ್‌ವಿಚ್ ಕಚ್ಚಿದಾಗ ಒಂದು ಎಲೆಯ ಜೊತೆ ಅರ್ಧ ಹೂರಣ ಎಳೆದುಕೊಂಡು ಬರುತ್ತದೆ. ಆಲೂಗಡ್ಡೆ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕೈಯಾಡಿಸಿ. ಪಲ್ಯ ಬಾಣಲೆಯ ತಳ ಬಿಟ್ಟು ಒಟ್ಟಾಗಿ ಬರಬೇಕು, ತಳದಲ್ಲಿ ತೆಳ್ಳಗೆ ಒಣ ಪದರ ಕಾಣಬೇಕು. ಆಗ ಒಲೆ ಆರಿಸಿ, ಕೊತ್ತಂಬರಿ ಸೊಪ್ಪು ಸೇರಿಸಿ, ಅರ್ಧ ನಿಂಬೆಹಣ್ಣು ಹಿಂಡಿ.

ಒಂದು ಚೂರು ತೆಗೆದು ಉಂಡೆ ಮಾಡಿ ಅಂಗೈಯಲ್ಲಿ ಒತ್ತಿ ನೋಡಿ. ಕೈ ಒದ್ದೆ ಆಗದೆ, ಅಂಟದೆ, ಅಂಚು ಸೀಳದೆ ಚಪ್ಪಟೆ ಆದರೆ ಪಲ್ಯ ತಯಾರು. ಪೂರ್ತಿ ಆರುವವರೆಗೂ ಬ್ರೆಡ್ ಹತ್ತಿರ ತರಬೇಡಿ. ಬಿಸಿ ಪಲ್ಯ ತುಂಬಿದರೆ ಟೋಸ್ಟರ್ ಒಲೆ ಮೇಲೆ ಹೋಗುವ ಮೊದಲೇ ಒಳಗಿಂದ ಬ್ರೆಡ್ ಬೆವರಲು ಶುರು.

ಆಲೂಗಡ್ಡೆ ಯಾವುದಾದರೂ ಆಗುತ್ತಾ?

ಹಳೆಯದು, ಸಿಪ್ಪೆ ಗಟ್ಟಿ ಇರುವುದು ಒಳ್ಳೆಯದು. ಹಾಸನದ ಕಡೆ ಮಳೆಗಾಲದ ಬೆಳೆ ಕಿತ್ತು ಮಾರುಕಟ್ಟೆಗೆ ಬಂದಾಗ ಹೊಸ ಆಲೂಗಡ್ಡೆ ಸಿಗುತ್ತದಲ್ಲ, ಬೆರಳಲ್ಲಿ ತಿಕ್ಕಿದರೆ ಸಿಪ್ಪೆ ಬರುವಂಥದ್ದು, ಅದು ಸಾಗು ಹುಳಿಗಳಿಗೆ ಬಹಳ ರುಚಿ. ಆದರೆ ಅದರಲ್ಲಿ ನೀರು ಜಾಸ್ತಿ. ಅದೇ ಇದ್ದರೆ ಪಲ್ಯವನ್ನು ಇನ್ನೆರಡು ನಿಮಿಷ ಹೆಚ್ಚು ಹುರಿಯಿರಿ, ಅಥವಾ ಒಂದು ಚಮಚ ಹುರಿಗಡಲೆ ಪುಡಿ ಉದುರಿಸಿ.

ಹಸಿರು ಚಟ್ನಿ ಕಪ್ಪಾಗದ ಹಾಗೆ, ನೀರು ಬಿಡದ ಹಾಗೆ ಮಾಡುವುದು ಹೇಗೆ?

ಒಂದು ದೊಡ್ಡ ಕಟ್ಟು ಕೊತ್ತಂಬರಿ, ಎಳೆಯ ಕಡ್ಡಿ ಸಮೇತ. ಕಡ್ಡಿಯಲ್ಲೇ ಘಮ ಇರುವುದು, ಎಸೆಯಬೇಡಿ. ಅದಕ್ಕೆ ಒಂದು ಹಿಡಿ ಪುದೀನ, ಮೂರು ಹಸಿಮೆಣಸಿನಕಾಯಿ, ಅರ್ಧ ಚಮಚ ಜೀರಿಗೆ, ಉಪ್ಪು, ಅರ್ಧ ನಿಂಬೆಹಣ್ಣಿನ ರಸ, ಎರಡು ದೊಡ್ಡ ಚಮಚ ಹುರಿಗಡಲೆ. ಹುರಿಗಡಲೆ ಇಲ್ಲಿ ಮುಖ್ಯ. ಸೊಪ್ಪು ಬಿಡುವ ನೀರನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಚಟ್ನಿ ಬ್ರೆಡ್ ಮೇಲೆ ನಿಲ್ಲುತ್ತದೆ.

ಸೊಪ್ಪನ್ನು ತೊಳೆದು ಬಟ್ಟೆಯ ಮೇಲೆ ಹರಡಿ ಒಣಗಿಸಿ. ರುಬ್ಬುವಾಗ ನೀರಿನ ಬದಲು ಎರಡು ಐಸ್ ತುಂಡು ಹಾಕಿ. ಮಿಕ್ಸಿ ಬ್ಲೇಡಿನ ಬಿಸಿಗೆ ಸೊಪ್ಪಿನ ಬಣ್ಣ ಮಾಸುತ್ತದೆ, ಐಸ್ ಅದನ್ನು ತಡೆಯುತ್ತದೆ. ನಿಂಬೆ ರಸ ಪುದೀನ ಕಪ್ಪಾಗುವುದನ್ನು ನಿಧಾನ ಮಾಡುತ್ತದೆ. ಮಿಕ್ಸಿಯನ್ನು ಒಂದೇ ಸಮನೆ ಓಡಿಸದೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಚಮಚದಲ್ಲಿ ತೆಗೆದು ತಲೆಕೆಳಗೆ ಮಾಡಿದರೆ ಬೀಳಬಾರದು, ಅಷ್ಟು ಗಟ್ಟಿ ಇರಲಿ.

ತೆಂಗಿನಕಾಯಿ ಹಾಕಬಹುದಾ ಅಂತಲೂ ಕೇಳುತ್ತಾರೆ. ಬೇಡ ಅನ್ನುತ್ತೇನೆ. ಕಾಯಿ ಹಾಕಿದರೆ ಇಡ್ಲಿ ಚಟ್ನಿಯ ರುಚಿ ಬರುತ್ತದೆ, ನಿಂಬೆ ಪುದೀನದ ಆ ಚುರುಕು ಹೋಗುತ್ತದೆ.

ಬೆಣ್ಣೆ ಒಳಗೆ ಸವರಬೇಕಾ, ಹೊರಗೆ ಸವರಬೇಕಾ?

ಎರಡೂ ಕಡೆ, ಆದರೆ ಎರಡಕ್ಕೂ ಕಾರಣ ಬೇರೆ. ಒಳಗಿನ ಬೆಣ್ಣೆ ರುಚಿಗೆ ಮಾತ್ರ ಅಲ್ಲ. ಕೊಬ್ಬು ನೀರನ್ನು ಒಳಗೆ ಬಿಡುವುದಿಲ್ಲ. ಚಟ್ನಿಗೂ ಬ್ರೆಡ್ಡಿಗೂ ನಡುವೆ ಬೆಣ್ಣೆಯ ಪದರ ಇದ್ದರೆ ಚಟ್ನಿಯ ತೇವ ಬ್ರೆಡ್ಡಿಗೆ ಇಳಿಯುವುದಿಲ್ಲ. ಅದಕ್ಕೇ ಗಾಡಿಯವರು ಮೊದಲು ಬೆಣ್ಣೆ, ಆಮೇಲೆ ಚಟ್ನಿ ಹಚ್ಚುವುದು. ಮೂಲೆ ಮೂಲೆಗೂ ತಲುಪಬೇಕು. ಮಧ್ಯದಲ್ಲಿ ಒಂದು ಮುದ್ದೆ ಹಚ್ಚಿ ಬಿಟ್ಟರೆ ಅಂಚುಗಳು ನೆನೆಯುತ್ತವೆ. ಬೆಣ್ಣೆಯನ್ನು ಅರ್ಧ ಗಂಟೆ ಮೊದಲೇ ಫ್ರಿಜ್ಜಿನಿಂದ ಹೊರಗಿಡಿ, ಕರಗಿಸಬೇಡಿ. ಕರಗಿದ ಬೆಣ್ಣೆಯನ್ನು ಬ್ರೆಡ್ ಹೀರಿಕೊಂಡುಬಿಡುತ್ತದೆ, ಪದರ ನಿಲ್ಲುವುದಿಲ್ಲ.

ಹೊರಗಿನದು ಕೆಂಪಗಾಗುವುದಕ್ಕೆ. ಅಂಗಡಿ ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ ಸುಮಾರು 80 ಭಾಗ. ಉಳಿದದ್ದರಲ್ಲಿ ಹೆಚ್ಚಿನದು ನೀರು, ಜೊತೆಗೆ ಸ್ವಲ್ಪ ಹಾಲಿನ ಅಂಶ, ಉಪ್ಪು. ಆ ಹಾಲಿನ ಅಂಶವೇ ಚಂದದ ಬಣ್ಣ, ಪರಿಮಳ ಕೊಡುವುದು, ಉರಿ ಜಾಸ್ತಿ ಆದರೆ ಮೊದಲು ಸೀಯುವುದೂ ಅದೇ. ಉರಿ ಹಿಡಿತಕ್ಕೆ ಬರುವವರೆಗೆ ಹೊರಗೆ ತುಪ್ಪ ಸವರಿ. ತುಪ್ಪದಲ್ಲಿ ನೀರೂ ಇಲ್ಲ, ಹಾಲಿನ ಅಂಶವೂ ಇಲ್ಲ, ಸುಲಭಕ್ಕೆ ಸೀಯುವುದಿಲ್ಲ. ಎಣ್ಣೆಯಲ್ಲೂ ಗರಿಗರಿ ಬರುತ್ತದೆ, ಪರಿಮಳ ಬರುವುದಿಲ್ಲ.

ತರಕಾರಿ ಯಾವುದು, ಯಾವ ಕ್ರಮದಲ್ಲಿ ಜೋಡಿಸಬೇಕು?

ಎಲ್ಲವೂ ತೆಳ್ಳಗೆ. ಈರುಳ್ಳಿ, ಕ್ಯಾಪ್ಸಿಕಂ ಉಂಗುರ. ಬೀಟ್‌ರೂಟ್ ಬೇಯಿಸಿದ್ದು, ಪೂರ್ತಿ ಆರಿದ್ದು. ಟೊಮೆಟೊ ಗಟ್ಟಿ ಇರಲಿ. ಹುಳಿ ನಾಟಿ ಟೊಮೆಟೊ ಸಾರಿಗೆ ಒಳ್ಳೆಯದು, ಇಲ್ಲಿ ಅದರ ರಸ ಜಾಸ್ತಿ. ಹೆಚ್ಚಿದ ಟೊಮೆಟೊ, ಸೌತೆಕಾಯಿ ಬಿಲ್ಲೆಗಳನ್ನು ಬಟ್ಟೆಯ ಮೇಲೆ ಐದು ನಿಮಿಷ ಹರಡಿ ಒತ್ತಿ ತೆಗೆಯಿರಿ.

ಎರಡೂ ಸ್ಲೈಸ್‌ಗೆ ಬೆಣ್ಣೆ, ಚಟ್ನಿ. ಕೆಳಗಿನ ಸ್ಲೈಸ್ ಮೇಲೆ ಒಂದು ಹಿಡಿ ಪಲ್ಯ, ಕಿರುಬೆರಳಿನ ದಪ್ಪಕ್ಕೆ, ಅಂಚಿನಿಂದ ಅರ್ಧ ಇಂಚು ಒಳಗೆ ನಿಲ್ಲುವ ಹಾಗೆ ಹರಡಿ. ಅದರ ಮೇಲೆ ಬೀಟ್‌ರೂಟ್, ಸೌತೆಕಾಯಿ, ಟೊಮೆಟೊ, ಕೊನೆಗೆ ಈರುಳ್ಳಿ, ಕ್ಯಾಪ್ಸಿಕಂ. ಟೊಮೆಟೊ ಬ್ರೆಡ್ಡಿಗೆ ನೇರ ತಾಗಬಾರದು, ಈರುಳ್ಳಿಯ ಪದರ ನಡುವೆ ಇರಲಿ. ಉಪ್ಪು, ಮಸಾಲೆ ಉದುರಿಸುವುದು ಮುಚ್ಚುವ ಮೊದಲಿನ ಕ್ಷಣದಲ್ಲಿ. ಉಪ್ಪು ಬಿದ್ದ ಕೂಡಲೇ ಟೊಮೆಟೊ, ಸೌತೆಕಾಯಿ ನೀರು ಬಿಡಲು ಶುರು ಮಾಡುತ್ತವೆ. ನಾಲ್ಕನ್ನೂ ಒಟ್ಟಿಗೆ ಜೋಡಿಸಿಟ್ಟು ಒಂದೊಂದಾಗಿ ಸುಡುವ ಆಸೆ ಬೇಡ. ಒಂದು ಒಲೆಯ ಮೇಲಿರುವಾಗ ಇನ್ನೊಂದು ಜೋಡಿಸಿಕೊಳ್ಳಿ.

ಆ ಗಾಡಿಯ ಮಸಾಲೆ ಪುಡಿಯಲ್ಲಿ ಏನಿರುತ್ತದೆ?

ಒಬ್ಬೊಬ್ಬರದು ಒಂದೊಂದು ಥರ. ಮನೆಗೆ ಇದು ಸಾಕು: ಎರಡು ದೊಡ್ಡ ಚಮಚ ಜೀರಿಗೆ, ಒಂದೊಂದು ಚಮಚ ಕಾಳುಮೆಣಸು ಮತ್ತು ಸೋಂಪು, ನಾಲ್ಕು ಲವಂಗ, ಒಂದು ಇಂಚು ಚಕ್ಕೆ. ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದು ಆರಿಸಿ ಪುಡಿ ಮಾಡಿ. ಒಂದು ಚಮಚ ಕಪ್ಪು ಉಪ್ಪು, ಎರಡು ಚಮಚ ಆಮ್‌ಚೂರ್ ಬೆರೆಸಿ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತಿಂಗಳವರೆಗೆ ಘಮ ಇರುತ್ತದೆ. ಮಜ್ಜಿಗೆಗೂ, ಹೆಚ್ಚಿದ ಸೀಬೆಹಣ್ಣಿಗೂ ಚೆನ್ನಾಗಿರುತ್ತದೆ. ಇಷ್ಟು ಮಾಡಲು ಪುರುಸೊತ್ತಿಲ್ಲದಿದ್ದರೆ ಅಂಗಡಿಯ ಚಾಟ್ ಮಸಾಲಕ್ಕೆ ಹುರಿದ ಜೀರಿಗೆ ಪುಡಿ ಬೆರೆಸಿ.

ಗ್ಯಾಸ್ ಟೋಸ್ಟರ್, ಕರೆಂಟಿನದು, ಕಾವಲಿ: ಯಾವುದು ಒಳ್ಳೆಯದು?

ನನ್ನ ಮತ ಗ್ಯಾಸ್ ಮೇಲೆ ಹಿಡಿಯುವ ಕೈ ಟೋಸ್ಟರ್‌ಗೇ. ಪಾತ್ರೆ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಕರೆಂಟು ಹೋದರೂ ನಡೆಯುತ್ತದೆ, ಉರಿ ನಮ್ಮ ಕೈಯಲ್ಲೇ ಇರುತ್ತದೆ. ತೆಗೆದುಕೊಳ್ಳುವಾಗ ಕೈಯಲ್ಲಿ ಹಿಡಿದು ಮುಚ್ಚಿ ನೋಡಿ. ಎರಡು ತಟ್ಟೆಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು, ಕೀಲು ಅಲುಗಾಡಬಾರದು, ಹಿಡಿಯ ತುದಿಯ ಕೊಂಡಿ ಬಿಗಿಯಾಗಿ ಬೀಳಬೇಕು. ತೂಕ ಇದ್ದಷ್ಟೂ ಒಳ್ಳೆಯದು. ತೆಳುವಾದದ್ದರಲ್ಲಿ ಉರಿ ತಾಗುವ ಕಡೆ ಮಾತ್ರ ಕರ್ರಗಾಗಿ ಮೂಲೆಗಳು ಬಿಳಿಯಾಗೇ ಉಳಿಯುತ್ತವೆ.

ಕರೆಂಟಿನದರಲ್ಲಿ ಎರಡು ಬಗೆ. ತ್ರಿಕೋನವಾಗಿ ಒತ್ತಿ ಅಂಚು ಮುಚ್ಚುವ ಮಷಿನ್ನನ್ನು ಆಸ್ಟ್ರೇಲಿಯಾದ ಬ್ರೆವಿಲ್ ಕಂಪನಿ 1974ರಲ್ಲಿ ಮಾರುಕಟ್ಟೆಗೆ ತಂದು ಜನಪ್ರಿಯ ಮಾಡಿತು. ಚೀಸ್‌ನಂಥ ಕಡಿಮೆ ಹೂರಣಕ್ಕೆ ಅದು ಹೇಳಿ ಮಾಡಿಸಿದ್ದು. ನಮ್ಮ ಮಸಾಲ ಟೋಸ್ಟ್‌ನ ಪೂರಾ ಸರಂಜಾಮು ಅದರಲ್ಲಿ ಹಿಡಿಸುವುದಿಲ್ಲ, ಮೇಲಾಗಿ ಅಂಚು ಮುಚ್ಚಿಕೊಳ್ಳುವುದರಿಂದ ಹಬೆ ಹೊರಗೆ ಹೋಗಲು ದಾರಿ ಇಲ್ಲ. ಅದೇ ಮನೆಯಲ್ಲಿದ್ದರೆ ಸೌತೆಕಾಯಿ, ಟೊಮೆಟೊ ಬಿಟ್ಟು ಪಲ್ಯವನ್ನು ಅರ್ಧಕ್ಕೆ ಇಳಿಸಿ. ಇನ್ನೊಂದು ಬಗೆ ಗೆರೆ ಗೆರೆ ಇರುವ ಗ್ರಿಲ್. ಇದು ಪರವಾಗಿಲ್ಲ, ಪಕ್ಕದಿಂದ ಹಬೆ ಹೋಗುತ್ತದೆ. ಪೂರ್ತಿ ಕಾದ ಮೇಲೆಯೇ ಇಡಿ.

ಏನೂ ಇಲ್ಲದಿದ್ದರೆ ಚಪಾತಿ ಕಾವಲಿ ಸಾಕು. ಸ್ಯಾಂಡ್‌ವಿಚ್ ಇಟ್ಟು, ಮೇಲೆ ತಳ ಚಪ್ಪಟೆ ಇರುವ ಪಾತ್ರೆಯಲ್ಲಿ ಒಂದು ಲೀಟರ್ ನೀರು ತುಂಬಿ ಇಡಿ. ಒಂದು ಕಿಲೋ ಭಾರ ಆಯಿತಲ್ಲ, ಅಷ್ಟೇ ಬೇಕಿರುವುದು. ಕುಟ್ಟಾಣಿ ಕಲ್ಲು, ಪೂರ್ತಿ ತುಂಬಿದ ಕುಕ್ಕರ್ ಇಡುವವರೂ ಇದ್ದಾರೆ, ಅದು ಜಾಸ್ತಿ ಭಾರ. ಪಾತ್ರೆಯ ತಳಕ್ಕೆ ತುಪ್ಪ ಸವರಿ, ಅಂಟುವುದಿಲ್ಲ. ಒಂದು ನಿಮಿಷ ಆದ ಮೇಲೆ ಪಾತ್ರೆ ತೆಗೆದುಬಿಡಿ.

ಉರಿ ಎಷ್ಟಿರಬೇಕು, ಎಷ್ಟು ಹೊತ್ತು?

ಕೈ ಟೋಸ್ಟರ್ ಆದರೆ ಮೊದಲು ಖಾಲಿ ಟೋಸ್ಟರನ್ನು ಎರಡೂ ಕಡೆ ಅರ್ಧರ್ಧ ನಿಮಿಷ ಕಾಯಿಸಿ. ಒಳಗೆ ಬೆಣ್ಣೆ ಸವರಿ, ಸ್ಯಾಂಡ್‌ವಿಚ್ ಇಟ್ಟು, ನಿಧಾನಕ್ಕೆ ಮುಚ್ಚಿ ಕೊಂಡಿ ಹಾಕಿ. ಹೊರಗೆ ಬಂದ ಅಂಚನ್ನು ಸವರಿ ತೆಗೆಯಿರಿ, ಇಲ್ಲದಿದ್ದರೆ ಅದು ಉರಿ ಹತ್ತಿ ಸುಟ್ಟ ವಾಸನೆ ಇಡೀ ಸ್ಯಾಂಡ್‌ವಿಚ್‌ಗೆ ಹತ್ತುತ್ತದೆ.

ಉರಿ ಸಣ್ಣದಕ್ಕೂ ಮಧ್ಯಮಕ್ಕೂ ನಡುವೆ. ಒಂದು ಕಡೆಗೆ ಎರಡರಿಂದ ಮೂರು ನಿಮಿಷ. ಒಂದೇ ಜಾಗದಲ್ಲಿ ಇಡದೆ ಆಗಾಗ ಸ್ವಲ್ಪ ಅತ್ತಿತ್ತ ಸರಿಸಿ, ನಾಲ್ಕು ಮೂಲೆಗೂ ಉರಿ ಸಿಗಲಿ. ಗಡಿಯಾರಕ್ಕಿಂತ ಕಿವಿಯನ್ನು ಜಾಸ್ತಿ ನಂಬಿ. ಮೊದಲು ಜೋರಾಗಿ ಚುಂಯ್ ಅನ್ನುತ್ತದೆ, ತಟ್ಟೆಗಳ ಸಂದಿಯಿಂದ ಬಿಳಿ ಹಬೆ ಏಳುತ್ತದೆ. ಅಂದರೆ ನೀರು ಹೋಗುತ್ತಿದೆ. ಆ ಸದ್ದು ತಗ್ಗುತ್ತಾ ಹಬೆ ತೆಳ್ಳಗಾದಾಗ ಬ್ರೆಡ್ ಕೆಂಪಗಾಗಲು ಶುರು. ಅಲ್ಲಿಂದ ಅರ್ಧ ನಿಮಿಷದಲ್ಲಿ ಬಣ್ಣ ಬಂದುಬಿಡುತ್ತದೆ, ಇನ್ನೂ ಒಂದು ನಿಮಿಷ ಮರೆತರೆ ಸೀದುಹೋಗುತ್ತದೆ. ಆದ್ದರಿಂದ ಸದ್ದು ತಗ್ಗಿದ ಮೇಲೆ ಒಲೆ ಬಿಟ್ಟು ಅಲುಗಾಡಬೇಡಿ. ಕೊಂಡಿ ತೆಗೆದು ಇಣುಕಿ ನೋಡಿದರೆ ತಪ್ಪೇನಿಲ್ಲ.

ತೆಗೆದ ಕೂಡಲೇ ತಟ್ಟೆಗೆ ಹಾಕಬೇಡಿ. ಅಡಿಯಲ್ಲಿ ಬೆವರಿ, ಇಷ್ಟು ಹೊತ್ತು ಕಷ್ಟಪಟ್ಟು ತಂದ ಗರಿಗರಿ ಹೋಗುತ್ತದೆ. ತಂತಿ ಜಾಲರಿ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಎರಡು ಚಮಚ ಅಡ್ಡ ಇಟ್ಟು ಅದರ ಮೇಲೆ ಒಂದು ನಿಮಿಷ ಇಡಿ. ಆಮೇಲೆ ಗರಗಸದ ಹಲ್ಲಿರುವ ಚಾಕುವಿನಲ್ಲಿ ಕತ್ತರಿಸಿ.

ಇಂಡಕ್ಷನ್ ಒಲೆಯ ಮೇಲೆ ಕೈ ಟೋಸ್ಟರ್ ನಡೆಯುತ್ತಾ?

ಇಲ್ಲ. ಅಲ್ಯೂಮಿನಿಯಂ ಇಂಡಕ್ಷನ್‌ನಲ್ಲಿ ಕಾಯುವುದಿಲ್ಲ. ಕಬ್ಬಿಣದ ಕಾವಲಿ, ಮೇಲೆ ನೀರಿನ ಪಾತ್ರೆ.

ಚೀಸ್ ಹಾಕಬಹುದಾ?

ಧಾರಾಳವಾಗಿ. ಮುಂಬೈಯಲ್ಲೂ ಮಸಾಲ ಚೀಸ್ ಟೋಸ್ಟ್ ಸಿಗುತ್ತದೆ. ಕ್ಯೂಬ್ ಚೀಸನ್ನು ತುರಿದು ತರಕಾರಿಯ ಮೇಲೆ, ಮೇಲಿನ ಸ್ಲೈಸ್‌ನ ಕೆಳಗೆ ಹಾಕಿ. ಕರಗಿದಾಗ ತರಕಾರಿಯನ್ನು ಬ್ರೆಡ್ಡಿಗೆ ಹಿಡಿದುಕೊಳ್ಳುತ್ತದೆ. ಸುಟ್ಟ ಮೇಲೆ ಮೇಲೂ ಒಂದಿಷ್ಟು ತುರಿದರೆ ಮಕ್ಕಳಿಗೆ ಖುಷಿ. ಚೀಸ್‌ನಲ್ಲೂ ಬೆಣ್ಣೆಯಲ್ಲೂ ಉಪ್ಪಿದೆ, ಪಲ್ಯಕ್ಕೆ ಕಮ್ಮಿ ಹಾಕಿರಿ. ಮೊಝರೆಲ್ಲಾ ಎಳೆ ಎಳೆಯಾಗಿ ಬರುತ್ತದೆ, ಆದರೆ ಹಸಿ ಮೊಝರೆಲ್ಲಾದಲ್ಲಿ ನೀರು ತುಂಬ, ಅದು ಬೇಡ.

ಈರುಳ್ಳಿ, ಆಲೂಗಡ್ಡೆ ತಿನ್ನದವರಿಗೆ ಹೇಗೆ ಮಾಡುವುದು?

ಮುಂಬೈಯ ಗಾಡಿಗಳಲ್ಲಿ ಜೈನರಿಗಾಗಿ ಬಾಳೆಕಾಯಿ ಹಾಕಿ ಮಾಡಿಕೊಡುತ್ತಾರೆ. ಬಾಳೆಕಾಯಿಯನ್ನು ಸಿಪ್ಪೆ ಸಮೇತ ಬೇಯಿಸಿ, ಸುಲಿದು, ತುರಿದು ಅದೇ ಒಗ್ಗರಣೆ ಹಾಕಿ. ಶುಂಠಿಯ ಬದಲು ಕಾಳುಮೆಣಸು. ಬೀಟ್‌ರೂಟ್ ಬಿಡಿ. ಬಾಳೆಕಾಯಿ ಆಲೂಗಡ್ಡೆಗಿಂತ ಒಣ ಇರುತ್ತದೆ, ಹಾಗಾಗಿ ಸ್ಯಾಂಡ್‌ವಿಚ್ ಇನ್ನೂ ಗರಿಗರಿಯಾಗಿ ಬರುತ್ತದೆ. ಜೈನರಲ್ಲದವರೂ ಒಮ್ಮೆ ಮಾಡಿ ನೋಡಬೇಕಾದ ಹೂರಣ.

ನಿನ್ನೆಯ ಪಲ್ಯ ಉಳಿದಿದ್ದರೆ ತುಂಬಬಹುದಾ?

ಫ್ರಿಜ್ಜಿನಲ್ಲಿ ಇಟ್ಟದ್ದಾದರೆ ಸರಿ. ಎಲೆಕೋಸಿನ ಪಲ್ಯ, ಹೆಸರುಕಾಳಿನ ಉಸಲಿ, ಕ್ಯಾರೆಟ್ ಹುರುಳಿಕಾಯಿ ಪಲ್ಯ ಎಲ್ಲ ಚೆನ್ನಾಗಿಯೇ ಆಗುತ್ತವೆ. ಬಾಣಲೆಯಲ್ಲಿ ಹಾಕಿ ಚೆನ್ನಾಗಿ ಬಿಸಿ ಮಾಡಿ ನೀರು ಆರಿಸಿ, ಅರ್ಧದಷ್ಟಾದರೂ ಪುಡಿ ಮಾಡಿದ ಆಲೂಗಡ್ಡೆ ಬೆರೆಸಿ. ಬರೀ ಪಲ್ಯ ಉದುರು ಉದುರಾಗಿರುತ್ತದೆ, ಕತ್ತರಿಸಿದಾಗ ಚೆಲ್ಲುತ್ತದೆ. ಗೊಜ್ಜು, ಎಣ್ಣೆಗಾಯಿ ಥರದವು ಬ್ರೆಡ್ಡಿನ ಪಕ್ಕಕ್ಕೆ ಇರಲಿ.

ಅಯ್ಯಂಗಾರ್ ಬೇಕರಿಯ ಮಸಾಲ ಟೋಸ್ಟ್ ಕೂಡ ಇದೇನಾ?

ಹೆಸರು ಅದೇ, ತಿಂಡಿ ಬೇರೆ. ಹಾಸನದ ಕಡೆಯಿಂದ ಬಂದ ಕುಟುಂಬಗಳು ಬೆಂಗಳೂರಿನಲ್ಲಿ ತೆರೆದ ಆ ಬೇಕರಿಗಳಲ್ಲಿ ಕೊಡುವುದು ಸಾಮಾನ್ಯವಾಗಿ ತೆರೆದ ಟೋಸ್ಟ್. ಬೆಣ್ಣೆಯಲ್ಲಿ ಸುಟ್ಟ ಬ್ರೆಡ್ ಮೇಲೆ ಈರುಳ್ಳಿ, ಕ್ಯಾರೆಟ್, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಬಾಡಿಸಿದ ಪಲ್ಯ ಹರಡುತ್ತಾರೆ. ಮುಚ್ಚುವುದೂ ಇಲ್ಲ, ಒತ್ತುವುದೂ ಇಲ್ಲ. ಹಬೆ ಮೇಲಕ್ಕೆ ಹೋಗುವುದರಿಂದ ಬ್ರೆಡ್ ಮೆತ್ತಗಾಗುವ ಭಯವೂ ಕಡಿಮೆ. ಸಂಜೆಯ ಕಾಫಿಗೆ ಅದು, ಹೊಟ್ಟೆ ತುಂಬಲು ಇದು. ಅಂಥ ಬೇಕರಿ ನಿಮ್ಮ ರಸ್ತೆಯಲ್ಲಿದ್ದರೆ ಈ ಸ್ಯಾಂಡ್‌ವಿಚ್‌ಗೂ ಅಲ್ಲಿನ ಬ್ರೆಡ್ಡನ್ನೇ ತನ್ನಿ.

ಹೊರದೇಶದಲ್ಲಿದ್ದೇವೆ. ಇಲ್ಲಿ ಹೇಗೆ ಮಾಡುವುದು?

ಅಮೆರಿಕದಲ್ಲಿದ್ದರೆ ರಸೆಟ್ ಆಲೂಗಡ್ಡೆ ತನ್ನಿ. ಹಿಟ್ಟು ಹಿಟ್ಟಾಗಿ ಬೇಯುತ್ತದೆ, ನೀರು ಕಡಿಮೆ. ಕೆಂಪು ಸಿಪ್ಪೆಯ ಸಣ್ಣವು ಅಂಟಾಗುತ್ತವೆ. ಅಲ್ಲಿನ ಸಾದಾ ಸ್ಯಾಂಡ್‌ವಿಚ್ ಬ್ರೆಡ್ಡುಗಳಲ್ಲಿ ತುಂಬ ಸಿಹಿ, ಸಕ್ಕರೆ ಕಡಿಮೆ ಇರುವುದನ್ನು ನೋಡಿ ಆರಿಸಿ. ಪನೀನಿ ಪ್ರೆಸ್ ಇದ್ದರೆ ಅದರ ಮೇಲಿನ ತಟ್ಟೆಯ ಭಾರವೇ ಸಾಕು, ಕೈಯಿಂದ ಒತ್ತಬೇಡಿ. ಹುರಿಗಡಲೆ ಸಿಗದಿದ್ದರೆ ಚಟ್ನಿಗೆ ಒಂದು ಸ್ಲೈಸ್ ಒಣ ಬ್ರೆಡ್ ಹಾಕಿ ರುಬ್ಬಿ.

ರಾತ್ರಿಯೇ ತಯಾರಿ ಮಾಡಿಟ್ಟುಕೊಂಡರೆ ನಡೆಯುತ್ತಾ?

ಪಲ್ಯ, ಚಟ್ನಿ ಎರಡನ್ನೂ ಹಿಂದಿನ ದಿನವೇ ಮಾಡಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಪಲ್ಯ ರಾತ್ರಿಯಿಡೀ ತಂಪಿನಲ್ಲಿದ್ದರೆ ಇನ್ನೂ ಒಣಗಿ ಹರಡಲು ಸುಲಭ. ಆದರೆ ಬೆಂದ ಆಲೂಗಡ್ಡೆಯನ್ನು ರಾತ್ರಿ ಅಡುಗೆಮನೆ ಕಟ್ಟೆಯ ಮೇಲೆ ಹಾಗೇ ಬಿಡಬೇಡಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ. ಬೆಳಗ್ಗೆ ಹಾಗೇ ತುಂಬದೆ ಬಾಣಲೆಯಲ್ಲಿ ಒಮ್ಮೆ ಬಿಸಿ ಮಾಡಿ, ಆರಿಸಿ. ತರಕಾರಿ ಹೆಚ್ಚುವುದು, ಬ್ರೆಡ್ ಜೋಡಿಸುವುದು ಮಾತ್ರ ಆಗಿಂದಾಗಲೇ.

ಮಕ್ಕಳ ಡಬ್ಬಿಗೆ ಹಾಕಿ ಕಳಿಸಬಹುದಾ?

ಕಳಿಸಬಹುದು, ಸ್ವಲ್ಪ ಬದಲಾವಣೆ ಬೇಕು. ಸೌತೆಕಾಯಿ, ಟೊಮೆಟೊ ಬಿಡಿ. ಚಟ್ನಿ ತೆಳ್ಳಗೆ ಸವರಿ. ಚೂರು ಹೆಚ್ಚೇ ಗರಿಗರಿ ಸುಟ್ಟು, ಜಾಲರಿಯ ಮೇಲೆ ಪೂರ್ತಿ ಆರಲು ಬಿಡಿ. ಬಿಸಿ ಬಿಸಿ ಮುಚ್ಚಿದರೆ ಮುಚ್ಚಳದಲ್ಲಿ ನೀರು ಕಟ್ಟುತ್ತದೆ. ಡಬ್ಬಿಯೊಳಗೆ ತೆಳು ಹತ್ತಿ ಬಟ್ಟೆ ಹಾಸಿ ಅದರಲ್ಲೇ ಸುತ್ತಿ ಇಡಿ. ಮಧ್ಯಾಹ್ನದ ಹೊತ್ತಿಗೆ ಗರಿಗರಿ ಇರುವುದಿಲ್ಲ, ಆದರೆ ಮುದ್ದೆಯೂ ಆಗಿರುವುದಿಲ್ಲ. ಬೇಸಿಗೆಯಲ್ಲಿ ಬೆಳಗಿನ ಬ್ರೇಕಿಗೇ ತಿನ್ನಲು ಹೇಳಿ. ಸಂಜೆ ಡಬ್ಬಿಯಲ್ಲಿ ಉಳಿದು ಬಂದದ್ದನ್ನು ತಿನ್ನುವುದು ಬೇಡ.

ಟೋಸ್ಟರ್ ತೊಳೆಯುವುದು ಹೇಗೆ?

ಬಿಸಿ ಇರುವಾಗಲೇ ದಪ್ಪ ಬಟ್ಟೆಯಿಂದ ಒಳಗೆ ಒರೆಸಿಬಿಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಅಂಚಿನ ಸಂದಿಯಲ್ಲಿ ಕೂತ ಚೀಸ್ ಬಿಡದಿದ್ದರೆ ಬಿಸಿನೀರು ಹಾಕಿ ಹತ್ತು ನಿಮಿಷ ಬಿಟ್ಟು ಮೆತ್ತನೆಯ ಸ್ಕ್ರಬ್ಬರ್‌ನಲ್ಲಿ ಉಜ್ಜಿ. ನಾನ್‌ಸ್ಟಿಕ್ ಇದ್ದರೆ ಸ್ಟೀಲ್ ಸ್ಕ್ರಬ್ಬರ್, ಚಾಕು ತಾಗಿಸಬೇಡಿ. ಅಲ್ಯೂಮಿನಿಯಂ ಟೋಸ್ಟರ್‌ನಲ್ಲಿ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಬಹಳ ಹೊತ್ತು ನೆನೆಸಬಾರದು, ಹುಳಿಗೆ ಲೋಹ ಸವೆಯುತ್ತದೆ. ತೊಳೆದ ಮೇಲೆ ಕೀಲಿನ ಹತ್ತಿರ ನೀರು ನಿಂತಿರುತ್ತದೆ, ಒಲೆಯ ಮೇಲೆ ಅರ್ಧ ನಿಮಿಷ ತೋರಿಸಿ ಒಣಗಿಸಿ, ಒಳಗೆ ಒಂದು ತೊಟ್ಟು ಎಣ್ಣೆ ಸವರಿ, ತೆರೆದಿಟ್ಟೇ ನೇತುಹಾಕಿ.